ನಂಬರ್ ಒನ್ ಹಾಡಿನ ಏಳನೇ ಸಾಲು

ಅರವತ್ತೊಂದನೇ ವಯಸ್ಸಿನಲ್ಲಿ ತಮಗೆ ಸಿಕ್ಕ ಕೆಲಸ ಎಂಥದೆಂದು ಮೈಸೂರಿನ ನೆಂಟರಿಗೆ ಫೋನಿನಲ್ಲಿ ಹೇಳಿ ಅರ್ಥ ಮಾಡಿಸುವುದು ವತ್ಸಲಾ ಅವರಿಗೆ ಸುಲಭವಾಗಿರಲಿಲ್ಲ.

“ಹಾಡು ಬರೀತೀಯೇನೇ?” ಎಂದು ಅಕ್ಕ ಕೇಳಿದ್ದರು.

“ಬರೆಯೋದಲ್ಲ ಅಕ್ಕ. ಬೇರೆಯವರು ಹಾಡಿರೋದನ್ನ ಕೇಳಿ ಬರ್ಕೊಳ್ಳೋದು.”

“ಹಾಡಿದ್ದು ಆಯ್ತಲ್ಲ, ಆಮೇಲೆ ಯಾಕೆ ಬರ್ಕೊಳ್ಳೋದು?”

ಅಕ್ಕ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಫೋನಿನಲ್ಲಿ ಹಾಡು ಹಚ್ಚಿದರೆ ಪರದೆಯ ಮೇಲೆ ಅದರ ಸಾಹಿತ್ಯ ಸಾಲುಸಾಲಾಗಿ ಮೂಡುತ್ತದಲ್ಲ, ಅದು ತಾನಾಗಿ ಮೂಡುವುದಿಲ್ಲ. ಹಾಡಿದವರು ಎಲ್ಲ ಸಲವೂ ಬರೆದುಕೊಡುವುದೂ ಇಲ್ಲ. ಎಲ್ಲೋ ಯಾರೋ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದೊಂದು ಪದವನ್ನೂ ಹಿಡಿದು ಬರೆಯಬೇಕು. ಲಂಡನ್ನಿನ ಕ್ಯಾನರಿ ವಾರ್ಫ್‌ನಲ್ಲಿ ಅಂಥದೊಂದು ಕಂಪನಿ ಇತ್ತು. ಪ್ರತಿ ಶುಕ್ರವಾರ ಸಂಜೆ ದೇಶದ ಹಾಡುಗಳ ಪಟ್ಟಿ ಹೊರಬೀಳುತ್ತದೆ. ಆ ವಾರ ಜನ ಯಾವುದನ್ನು ಹೆಚ್ಚು ಕೇಳಿದರು, ಯಾವುದು ಏರಿತು, ಯಾವುದು ಇಳಿಯಿತು ಅನ್ನುವ ಚಾರ್ಟು. ಹಿಪ್‌ಹಾಪ್ ಹಾಡುಗಳಿಗೆ ಬೇರೆಯದೇ ಚಾರ್ಟು. ಆ ಬೇರೆ ಚಾರ್ಟು ವತ್ಸಲಾ ಅವರ ಪಾಲಿಗೆ ಬಂದಿತ್ತು. ಎಜ್‌ವೇರ್‌ನ ಮನೆಯ ಮಹಡಿ ಮೇಲೆ, ಇಸ್ತ್ರಿ ಮೇಜಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಹತ್ತಿಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಈ ಹೆಂಗಸು ದೇಶದ ನಂಬರ್ ಒನ್ ರ‍್ಯಾಪ್ ಹಾಡುಗಳ ಸಾಹಿತ್ಯ ಬರೆಯುತ್ತಾರೆಂದು ಅಕ್ಕಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.

ಅದಕ್ಕೆ ಮುಂಚೆ ಇಪ್ಪತ್ತೆಂಟು ವರ್ಷ ಅವರು ಪಶ್ಚಿಮ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೆಡಿಕಲ್ ಸೆಕ್ರೆಟರಿಯಾಗಿದ್ದರು. ಡಾಕ್ಟರುಗಳು ರೋಗಿಯನ್ನು ನೋಡಿಯಾದ ಮೇಲೆ ಜಿಪಿಗೆ, ಅಂದರೆ ರೋಗಿಯ ಏರಿಯಾದ ಡಾಕ್ಟರಿಗೆ, ಹೋಗಬೇಕಾದ ಪತ್ರವನ್ನು ಟೇಪಿಗೆ ಹೇಳುತ್ತಿದ್ದರು. ವತ್ಸಲಾ ಅದನ್ನು ಕೇಳಿ ಟೈಪು ಮಾಡುತ್ತಿದ್ದರು. ಗ್ಲಾಸ್ಗೋದವರು, ಲಾಹೋರಿನವರು, ಲಾಗೋಸಿನವರು, ಬಾಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಂಡೇ ಮಾತಾಡುವವರು, ಎಲ್ಲರ ಇಂಗ್ಲಿಷೂ ಅವರ ಕಿವಿಗೆ ಪಳಗಿತ್ತು. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಶೀಘ್ರಲಿಪಿ ಕಲಿಸಿದ ಕಲ್ಲಯ್ಯ ಮೇಷ್ಟ್ರು ಬೆತ್ತ ಆಡಿಸುತ್ತ ಹೇಳುತ್ತಿದ್ದ ಒಂದು ಮಾತು ಅವರಿಗೆ ಮೈಗೂಡಿತ್ತು: “ಕೇಳ್ಸಿದ್ದನ್ನ ಬರೀರಿ, ಗೊತ್ತಿರೋದನ್ನಲ್ಲ.” ಅನುಮಾನ ಬಂದ ಪದದ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಹಾಕಿ ಡಾಕ್ಟರ ಮೇಜಿಗೆ ಕಳಿಸುತ್ತಿದ್ದರು. ಹೇಳಿದವರು ಓದಿ ಸಹಿ ಹಾಕುವ ತನಕ ಅವರ ಲೆಕ್ಕದಲ್ಲಿ ಅದು ಪತ್ರವೇ ಅಲ್ಲ.

ಆಮೇಲೆ ಮಾತನ್ನು ತಾನೇ ಟೈಪು ಮಾಡುವ ಕಂಪ್ಯೂಟರ್ ಬಂತು. ಸೆಕ್ರೆಟರಿಗಳನ್ನು ಕೇಕು ಕತ್ತರಿಸಿ ಮನೆಗೆ ಕಳಿಸಿದರು. ಆರು ತಿಂಗಳು ವತ್ಸಲಾ ಟಿವಿಯ ಮುಂದೆ ಕೂತು, ಕೆಳಗೆ ಓಡುವ ಅಕ್ಷರಗಳ ತಪ್ಪನ್ನು ಗಟ್ಟಿಯಾಗಿ ತಿದ್ದುತ್ತ ಕಾಲ ಕಳೆದರು. ಅದನ್ನು ಕಣ್ಣಾರೆ ಕಂಡವರು ಗೆಳತಿ ಅಪೊಲಿನ್. ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕ್ ಹೆಂಗಸು; ಅದೇ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಈಗ ಫೆಲ್ಥಮ್‌ನ ಮನೆಯಲ್ಲಿ ನಿವೃತ್ತರಾಗಿದ್ದರು.

“ಎಂತ ಮಾರಾಯ್ತಿ, ಟಿವಿಗೆ ಪಾಠ ಮಾಡುದಾ? ನಮ್ಮ ಎಲ್ರಾಯ್‌ನ ಆಫೀಸಲ್ಲಿ ಇದಕ್ಕೇ ಸಂಬಳ ಕೊಡ್ತಾರೆ,” ಎಂದರು ಅಪೊಲಿನ್.

ಎಲ್ರಾಯ್ ಅವರ ಮಗ, ಹಾಡಿನ ಸಾಹಿತ್ಯ ಬರೆಸುವ ಆ ಕಂಪನಿಯಲ್ಲಿದ್ದವನು. ಕನ್ನಡ ಕೊಂಕಣಿ ಎರಡೂ ಅರ್ಥವಾಗುತ್ತಿದ್ದರೂ ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನ ಕಾಟ ತಾಳಲಾರದೆ ಒಂದು ಹಾಡು ಕಳಿಸಿದ. ಅವನ ಆಫೀಸಿನ ಹುಡುಗರು ಅದರಲ್ಲಿ ಹನ್ನೊಂದು ಕಡೆ ಸೋತು ಖಾಲಿ ಬಿಟ್ಟಿದ್ದರು. ವತ್ಸಲಾ ಒಂದೇ ಕಡೆ ಬಿಟ್ಟರು. “ವತ್ಸಲಾ ಆಂಟಿ, ನೀವು ರ‍್ಯಾಪ್ ಕೇಳ್ತೀರಾ?” ಎಂದು ಅವನು ಗಾಬರಿಯಿಂದ ಫೋನು ಮಾಡಿದ. “ಇಲ್ಲಪ್ಪ, ಅದಕ್ಕೇ ಸರಿಯಾಗಿ ಕೇಳಿಸ್ತು,” ಎಂದರು ವತ್ಸಲಾ.

ಅವರ ಉಪಾಯ ಸರಳವಾಗಿತ್ತು. ಹಾಡನ್ನು ಮೊದಲ ಸಲ ಕೇಳುವಾಗ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಕೈ ತನಗೆ ಗೊತ್ತಿರುವ ಕಾಗುಣಿತಕ್ಕೆ ಓಡುತ್ತದೆ. ಕನ್ನಡದಲ್ಲಿ ಹಾಗಲ್ಲ, ಬಾಯಿ ಹೇಳಿದ ಹ್ರಸ್ವ ದೀರ್ಘವೆಲ್ಲ ಇದ್ದಲ್ಲೇ ಕೂರುತ್ತವೆ. ಹಾಗೆ ಬರೆದ ಮೇಲೆ, ಇದು ಯಾವ ಪದ ಎಂದು ಹುಡುಕುವುದು. ಲಂಡನ್ನಿನ ಬೀದಿ ಹುಡುಗರ ಮಾತಿಗೆ ಒಂದು ನೋಟ್‌ಬುಕ್ಕನ್ನೇ ಮಾಡಿದ್ದರು. ‘ಬೇರ್’ ಅಂದರೆ ಬರಿದಲ್ಲ, ಬೇಜಾನ್. ‘ಎಂಡ್ಸ್’ ಅಂದರೆ ನಮ್ಮ ಏರಿಯಾ. ‘ಅಲೌ ಇಟ್’ ಅಂದರೆ ಬಿಟ್ಹಾಕು. ‘ವಾಗ್ವಾನ್’ ಅಂದರೆ ಏನ್ ಸಮಾಚಾರ. ‘ಪೀಕ್’ ಅಂದರೆ ಗ್ರಹಚಾರ.

ಗಂಡ ಅಶ್ವತ್ಥನಾರಾಯಣ ಅರಿವಳಿಕೆ ಡಾಕ್ಟರಾಗಿ ನಿವೃತ್ತರಾದವರು. “ನಾನು ಮೂವತ್ತು ವರ್ಷ ಜನರನ್ನ ಮಲಗಿಸಿದೆ, ನಿನ್ನ ಹುಡುಗರು ಎಲ್ಲರನ್ನೂ ಎಬ್ಬಿಸ್ತಿದ್ದಾರೆ,” ಎಂದು ಗೊಣಗುತ್ತಿದ್ದರು. ಆದರೆ ಹೆಂಡತಿ ಸ್ನಾನಕ್ಕೆ ಹೋದಾಗ ನೋಟ್‌ಬುಕ್ ತೆಗೆದು ಓದುತ್ತಿದ್ದರೆಂಬುದು, ಒಂದು ದಿನ ಹಾಲು ಉಕ್ಕಿದಾಗ ಅವರ ಬಾಯಿಂದ “ಪೀಕ್ ಕಣೇ” ಎಂದು ಹೊರಬಿದ್ದು ಬಯಲಾಯಿತು.

ಹೀಗಿರುವಾಗ, ಕಳೆದ ಬೇಸಿಗೆಯಲ್ಲಿ ‘ಬ್ಲಡ್ಸ್ ಆನ್ ಎ ಥರ್ಸ್‌ಡೇ’ ಎಂಬ ಹಾಡು ಬಂತು. ಹಾಡಿದವನು ಫೆಲ್ಥಮ್‌ನ ಹುಡುಗ. ಮನೆ ಮುಂದೆ ಹಾದುಹೋಗುವ ಬಸ್ಸಿನ ನಂಬರನ್ನೇ ಹೆಸರಾಗಿ ಇಟ್ಟುಕೊಂಡಿದ್ದ: ಟೂ ಎಯ್ಟ್ ಫೈವ್. ಹಾಡು ಮೊದಲ ವಾರ ಮೂವತ್ತೊಂದರಲ್ಲಿತ್ತು, ಆಮೇಲೆ ಹನ್ನೆರಡು, ಆಮೇಲೆ ಮೂರು, ನಾಲ್ಕನೇ ಶುಕ್ರವಾರ ಒಂದು. ಅದು ಏರುತ್ತಿದ್ದಂತೆ ಜಗಳವೂ ಏರಿತು. ‘ಬ್ಲಡ್ಸ್’ ಅಂದರೆ ರಕ್ತಪಾತ ಎಂದು ಕೆಲವರು, ಗ್ಯಾಂಗಿನ ಹೆಸರು ಎಂದು ಕೆಲವರು. ಎಲ್ಲಕ್ಕಿಂತ ಹೆಚ್ಚು ಮಾತಾದದ್ದು ಏಳನೇ ಸಾಲಿನ ಬಗ್ಗೆ. ‘ಹೈಡ್ ರಾಕ್ಸ್, ಎ ಕಾರ್ಬೈನ್, ಮೈನ್’ ಎಂದು ಅಭಿಮಾನಿಗಳು ಬರೆದಿದ್ದರು. ಹಾಡನ್ನು ಹೊರತಂದ ಕಂಪನಿಯೂ ಅದನ್ನೇ ಒಪ್ಪಿ ಎಲ್ರಾಯ್‌ನ ಆಫೀಸಿಗೆ ಕಳಿಸಿತ್ತು. ಮಾದಕದ ಹರಳು ಬಚ್ಚಿಡು, ಬಂದೂಕೊಂದುಂಟು, ಅದು ನನ್ನದು ಎಂದು ಅರ್ಥ. ರೇಡಿಯೋದಲ್ಲಿ ಆ ಸಾಲು ಬಂದಾಗ ಬೀಪ್ ಹಾಕುತ್ತಿದ್ದರು. ಒಂದು ಕೌನ್ಸಿಲ್‌ನವರು ತಮ್ಮ ಪಾರ್ಕಿನ ಬೇಸಿಗೆ ಕಾರ್ಯಕ್ರಮದಿಂದ ಅವನ ಹೆಸರು ತೆಗೆದೂ ಹಾಕಿದರು.

ನಂಬರ್ ಒನ್ ಆದ ಹಾಡನ್ನು ಮೊದಲಿಂದ ಮತ್ತೊಮ್ಮೆ ಕೇಳಿ ತಾಳೆ ನೋಡಬೇಕೆಂಬುದು ಎಲ್ರಾಯ್‌ನ ಆಫೀಸಿನ ನಿಯಮ. ಶನಿವಾರ ಬೆಳಗ್ಗೆ ಕಾಫಿ ಕುಡಿದು ವತ್ಸಲಾ ಕೂತರು. ಹಳೆಯದನ್ನು ನೋಡದೆ, ಎಂದಿನಂತೆ ಕನ್ನಡದಲ್ಲಿ ಬರೆದುಕೊಂಡು ಹೋದರು. ಹುಡುಗ ಉಸಿರು ಬಿಡದೆ ಹೇಳುತ್ತಿದ್ದ. ಪದಗಳ ನಡುವೆ ಸಂದೇ ಇರಲಿಲ್ಲ. ಹಾಡು ಮುಗಿದ ಮೇಲೆ ಬರೆದದ್ದನ್ನು ಓದಿದರು. ಏಳನೇ ಸಾಲಿನಲ್ಲಿ ಅವರ ಕೈ ಒಂದೇ ಪದ ಬರೆದಿತ್ತು. ಹೈಡ್ರಾಕ್ಸಿಕಾರ್ಬಮೈಡ್.

ವತ್ಸಲಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಆ ಸಾಲನ್ನು ಒಂಬತ್ತು ಸಲ ಕೇಳಿದರು. ಆಸ್ಪತ್ರೆಯಲ್ಲಿ ರಕ್ತರೋಗಗಳ ವಿಭಾಗಕ್ಕೆ ಹನ್ನೆರಡು ವರ್ಷ ಟೈಪು ಮಾಡಿದ್ದವರು ಅವರು. ಆ ಪದವನ್ನು ಏನಿಲ್ಲವೆಂದರೂ ಐದು ಸಾವಿರ ಸಲ ಟೈಪು ಮಾಡಿದ್ದರು. ಸಿಕಲ್ ಸೆಲ್ ಎಂಬ, ಹುಟ್ಟಿನಿಂದಲೇ ಬರುವ ಕಾಯಿಲೆಗೆ ಕೊಡುವ ಮಾತ್ರೆ ಅದು. ರಕ್ತದ ಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಬಿದ್ದು, ಮೂಳೆ ಮುರಿದಂಥ ನೋವು ಕೊಡುವ ಕಾಯಿಲೆ.

ಒಂದು ಪದ ತಿರುಗಿದ್ದೇ ತಡ, ಉಳಿದವೂ ಒಂದೊಂದಾಗಿ ಮಗ್ಗುಲು ಬದಲಿಸಿದವು. ‘ಬ್ಲಡ್ಸ್ ಆನ್ ಎ ಥರ್ಸ್‌ಡೇ’, ಗುರುವಾರದ ರಕ್ತಪರೀಕ್ಷೆ. ‘ಟೂ ಫೈವ್ ಹಂಡ್ರೆಡ್ಸ್ ಬಿಫೋರ್ ಸ್ಕೂಲ್’ ಅಂದರೆ ಶಾಲೆಗೆ ಹೋಗುವ ಮೊದಲೇ ಹುಡುಗ ಕಳ್ಳದಂಧೆಯಲ್ಲಿ ಸಾವಿರ ಪೌಂಡ್ ಗಳಿಸಿದ ಎಂದು ಜನ ಅರ್ಥ ಮಾಡಿದ್ದರು; ಆ ಮಾತ್ರೆ ಬರುವುದೇ ಐನೂರು ಮಿಲಿಗ್ರಾಮಿನ ಕ್ಯಾಪ್ಸೂಲಿನಲ್ಲಿ. ‘ಬ್ಲೂ ಕಮ್ ಲುಕಿಂಗ್ ಫಾರ್ ಮೈ ಲೈನ್’, ನೀಲಿಯವರು ನನ್ನ ಲೈನ್ ಹುಡುಕಿಕೊಂಡು ಬರುತ್ತಾರೆ. ಪೊಲೀಸರು ಫೋನ್ ಲೈನ್ ಹಿಡಿಯುವುದು ಎಂದಿದ್ದರು ಎಲ್ಲರೂ. ವತ್ಸಲಾ ಅವರಿಗೆ ಬೇರೆಯೇ ನೀಲಿ ಬಟ್ಟೆ ನೆನಪಾಯಿತು.

ಸೋಮವಾರ ಎಲ್ರಾಯ್‌ಗೆ ಫೋನು ಮಾಡಿದರು. ಅವನು ಕೇಳಿ, ಇಂಗ್ಲಿಷಿನಲ್ಲೇ ಹೇಳಿದ: “ಆಂಟಿ, ಹಾಡಿನ ಕಂಪನಿಗೆ ಕೇಳಿ ನೋಡ್ತೀನಿ.” ಮಾರನೇ ದಿನ ಉತ್ತರ ಬಂತು: ಈಗಿರುವ ಸಾಹಿತ್ಯವೇ ಇರಲಿ. ಕಾರಣ ಹೇಳಿರಲಿಲ್ಲ.

“ಆ ಹುಡುಗನನ್ನೇ ಕೇಳಿದ್ರಾ?”

“ಅದು ಗೊತ್ತಿಲ್ಲ ಆಂಟಿ. ನಂಬರ್ ಒನ್ ಆಗಿರೋ ಹಾಡನ್ನ ಯಾರೂ ಮುಟ್ಟೋಕೆ ಹೋಗಲ್ಲ.”

ವತ್ಸಲಾ ಅವರಿಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ತಪ್ಪು ಬರೆದಿರುವುದು ಹುಡುಗನಿಗೆ ಗೊತ್ತಿಲ್ಲವೇ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದಾನೆ? ಕಾರ್ಯಕ್ರಮ ಕೈತಪ್ಪಿದಾಗಲಾದರೂ ಬಾಯಿ ಬಿಡಬಾರದೇ? ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ. ಗಂಡ ಹೇಳಿದರು, “ನೀನೇ ತಿದ್ದಿ ಕಳಿಸ್ಬಿಡು, ಸತ್ಯ ತಾನೇ?”

“ಹಾಗಾಗಲ್ಲ ರೀ. ಅದು ಯಾರದೋ ಕಾಯಿಲೆ. ಅವನದೋ, ತಂಗಿಯದೋ, ಸ್ನೇಹಿತನದೋ. ನಾನು ತಿದ್ದಿದ್ರೆ ದೇಶಕ್ಕೆಲ್ಲ ಡಂಗುರ ಹೊಡೆದ ಹಾಗೆ. ಇಪ್ಪತ್ತೆಂಟು ವರ್ಷ ಒಬ್ಬರ ಕಾಗದ ಇನ್ನೊಬ್ಬರಿಗೆ ತೋರಿಸಿದವಳಲ್ಲ ನಾನು.”

ಅಶ್ವತ್ಥನಾರಾಯಣ ಒಪ್ಪಿ ತಲೆಯಾಡಿಸಿದರು. ಡಾಕ್ಟರಾದ ಅವರಿಗೆ ಅದು ಅರ್ಥವಾಗುವ ಮಾತು.

ಬುಧವಾರ ವತ್ಸಲಾ ಮೂರು ಕಡೆ ಗಾಡಿ ಬದಲಿಸಿ ಫೆಲ್ಥಮ್‌ಗೆ ಹೋದರು. ಅಪೊಲಿನ್‌ರ ಅಡಿಗೆಮನೆಯಲ್ಲಿ ಫೋನಿಟ್ಟು, ಅರ್ಥ ಹೇಳದೆ, ಹಾಡು ಕೇಳಿಸಿದರು. ಅಪೊಲಿನ್ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೇಳಿದರು. ಏಳನೇ ಸಾಲಿಗೆ ಕೈ ನಿಂತಿತು. ‘ಬ್ಲೂ ಕಮ್ ಲುಕಿಂಗ್’ ಬಂದಾಗ ಸೊಪ್ಪನ್ನು ಕೆಳಗಿಟ್ಟರು.

“ನೀಲಿ ಅಂದ್ರೆ ಪೊಲೀಸ್ ಅಂತ ಯಾರು ಹೇಳಿದ್ದು? ಇಪ್ಪತ್ತೆರಡು ವರ್ಷ ನೀಲಿ ಹಾಕಿದ್ದು ನಾನು. ಲೈನ್ ಹುಡುಕುದು ಅಂದ್ರೆ ನರ ಹುಡುಕುದು. ಸಣ್ಣ ಮಕ್ಕಳದ್ದು ಸಿಗುದೇ ಇಲ್ಲ ಮಾರಾಯ್ತಿ, ಎಷ್ಟು ಸಲ ಚುಚ್ಚಬೇಕು ಗೊತ್ತುಂಟಾ?”

“ಈ ಹುಡುಗ ನಿಮ್ಮ ಫೆಲ್ಥಮ್‌ನವನೇ ಅಂತೆ. ಗೊತ್ತಾ ನಿನಗೆ?”

ಅಪೊಲಿನ್ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. “ನೋಡು, ಆಸ್ಪತ್ರೆಗೆ ಯಾರು ಬರ್ತಿದ್ರು, ಎಂತಕ್ಕೆ ಬರ್ತಿದ್ರು, ಅದು ನಾನು ಹೇಳ್ಲಿಕ್ಕಿಲ್ಲ, ನೀನು ಕೇಳ್ಲಿಕ್ಕಿಲ್ಲ. ಇಗರ್ಜಿಯಲ್ಲಿ ನನ್ನ ಪಕ್ಕ ಯಾರು ಕೂತ್ಕೊಳ್ತಾರೆ ಅಂತ ಹೇಳ್ಬಹುದು. ಅವನ ತಾಯಿ ಅಬೆನಾ. ಘಾನಾದವರು. ನಮ್ಮ ಕ್ವಾಯರ್‌ನಲ್ಲಿ ಹಾಡ್ತಾರೆ. ಹುಡುಗನನ್ನು ಮನೆಯಲ್ಲಿ ಕರೆಯುದು ಯಾವ್ ಅಂತ.”

“ಯಾವ್?”

“ಯಾವ್ ಅಂತಲೇ ಹೆಸರು. ಗುರುವಾರ ಹುಟ್ಟಿದ ಗಂಡುಮಕ್ಕಳಿಗೆ ಅವರಲ್ಲಿ ಹಾಗೆ ಇಡುದಂತೆ.”

ವತ್ಸಲಾ ಮನೆಗೆ ಬಂದು ಒಂದು ಪತ್ರ ತಯಾರು ಮಾಡಿದರು. ಆಸ್ಪತ್ರೆಯ ಪತ್ರದ ಹಾಗೆಯೇ: ಮೇಲೆ ತಾರೀಖು ಮತ್ತು ತಮ್ಮ ಫೋನ್ ನಂಬರು, ನಡುವೆ ಹಾಡಿನ ಸಾಹಿತ್ಯ ಪೂರ್ತಿ, ತಮಗೆ ಕೇಳಿಸಿದಂತೆ. ಕೆಳಗೆ ಮೂರೇ ಸಾಲು. ‘ನಾನು ಕೇಳಿಸಿಕೊಂಡದ್ದು ಹೀಗೆ. ಸರಿಯೋ ತಪ್ಪೋ ನೀನೇ ಹೇಳಬೇಕು. ನೀನು ಹೇಳುವ ತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.’ ಲಕೋಟೆಗೆ ಹಾಕಿ ಅಂಟಿಸಿ, ಅವನ ಹೆಸರು ಬರೆದರು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಾಲ್‌ನಲ್ಲಿ ಚಹಾ ಇರುತ್ತದೆ. ಅಪೊಲಿನ್ ಅಲ್ಲಿ ಅಬೆನಾರನ್ನು ಪರಿಚಯ ಮಾಡಿಸಿದರು. ಎತ್ತರದ ಹೆಂಗಸು, ಹಳದಿ ಹೂವಿನ ಉಡುಪು, ತಲೆಗೆ ಅದೇ ಬಟ್ಟೆಯ ಕಟ್ಟು. ಏರ್‌ಪೋರ್ಟಿನಲ್ಲಿ ವಿಮಾನ ಶುಚಿಮಾಡುವ ತಂಡದ ಮೇಲ್ವಿಚಾರಕಿ. ಹಾಡಿನ ಸುದ್ದಿ ಎತ್ತಿದ್ದೇ ಅವರ ಮುಖ ಬಿಗಿದುಕೊಂಡಿತು.

“ಆ ಹಾಡು ನನ್ನ ಮನೆಯಲ್ಲಿ ಹಾಕಕೂಡದು ಅಂದಿದ್ದೀನಿ. ಬಂದೂಕು, ಡ್ರಗ್ಸ್. ಬಸ್‌ಸ್ಟಾಪಿನಲ್ಲಿ ಜನ ನನ್ನ ಮುಖ ನೋಡ್ತಾರೆ. ಅವನನ್ನ ಹಾಗೆ ಬೆಳೆಸಿದವಳಲ್ಲ ನಾನು.”

“ನೀವು ಹಾಡು ಕೇಳಿದ್ದೀರಾ?” ವತ್ಸಲಾ ಮೆಲ್ಲಗೆ ಕೇಳಿದರು.

“ಕೇಳೋದೇನಿದೆ? ಪೇಪರಿನಲ್ಲೇ ಬಂದಿದೆಯಲ್ಲ.”

ವತ್ಸಲಾ ಅವರ ನಾಲಿಗೆ ತುದಿಯಲ್ಲಿ ಎಲ್ಲವೂ ಇತ್ತು. ತಾಯಿಯ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ಆದರೂ ಹೇಳಲಿಲ್ಲ. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. “ಇದನ್ನ ಅವನಿಗೆ ತಲುಪಿಸ್ತೀರಾ? ಅವನೇ ತೆಗೀಬೇಕು.” ಅಬೆನಾ ಅದನ್ನು ಬೆಳಕಿಗೆ ಹಿಡಿದು ನೋಡಿದರು, ವತ್ಸಲಾರ ಮುಖ ನೋಡಿದರು, ಆಮೇಲೆ ಬೈಬಲ್ಲಿನೊಳಗೆ ಸಿಕ್ಕಿಸಿಕೊಂಡರು.

ಮಂಗಳವಾರ ಮಧ್ಯಾಹ್ನ ಫೋನು ಬಂತು. ಹಾಡಿನಲ್ಲಿ ಗುಡುಗುತ್ತಿದ್ದ ಸ್ವರ ಇಲ್ಲಿ ಸಣ್ಣದಾಗಿತ್ತು.

“ನೀವು ಯಾರು?”

“ನಾನು ಟೈಪಿಸ್ಟು,” ಎಂದರು ವತ್ಸಲಾ.

“ನನ್ನ ಅಮ್ಮನಿಗೆ ಇದನ್ನ ತೋರಿಸಿದ್ರಾ?”

“ಇಲ್ಲ. ನಿನ್ನ ಹೆಸರಿಗಿದ್ದ ಕಾಗದ ಅದು.”

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ವತ್ಸಲಾ ಕಾದರು, ಟೇಪಿನಲ್ಲಿ ಡಾಕ್ಟರುಗಳು ಯೋಚಿಸಲು ನಿಲ್ಲಿಸಿದಾಗಲೂ ಅವರು ಹಾಗೆಯೇ ಕಾಯುತ್ತಿದ್ದರು.

“ಕಾಯಿಲೆ ನನ್ನದೇ,” ಎಂದ ಕೊನೆಗೆ. “ಮಾತ್ರೆ ಐದನೇ ವಯಸ್ಸಿನಿಂದ.”

“ಮತ್ತೆ ಯಾಕಪ್ಪ ಸುಮ್ಮನಿದ್ದೀಯ? ಅದೊಂದು ಹೇಳು, ನಂಗೆ ವಾರದಿಂದ ನಿದ್ದೆ ಇಲ್ಲ.”

ಅವನು ನಕ್ಕ. “ಮೊದಲು ತಮಾಷೆ ಅನ್ನಿಸ್ತು ಆಂಟಿ. ಒಂದು ಮಾತ್ರೆ ಹೆಸರಿಗೆ ದೇಶವೇ ಹೆದರ್ಕೊಳ್ತಿದೆಯಲ್ಲ ಅಂತ. ಹಾಡಿನ ಕಂಪನಿಯವರು ಇರಲಿ ಬಿಡು, ಒಳ್ಳೆ ಸುದ್ದಿ ಆಗ್ತಿದೆ ಅಂದ್ರು. ಶಾಲೆಯಲ್ಲಿ ನಾನು ಕಾಯಿಲೆ ಹುಡುಗ. ಈಗ ನಾನು ಅಪಾಯದ ಹುಡುಗ. ಎರಡನೇದೇ ವಾಸಿ ಅನ್ನಿಸ್ತು. ಆ ಮಾತ್ರೆ ತಗೊಳ್ಳೋರಿಗೆ ಹೇಗೂ ಗೊತ್ತಾಗಿದೆ. ಐವತ್ತು ಜನ ಮೆಸೇಜ್ ಮಾಡಿದ್ದಾರೆ. ಯಾರೂ ಗುಟ್ಟು ಬಿಟ್ಟುಕೊಟ್ಟಿಲ್ಲ. ಅಮ್ಮ ಒಂದು ಸಲ ಕೇಳಿದ್ರೆ ಸಾಕಿತ್ತು. ಬೇರೆ ಯಾರಿಗೆ ಗೊತ್ತಾಗದಿದ್ರೂ ಅವಳಿಗೆ ಗೊತ್ತಾಗ್ತಿತ್ತು. ಅವಳು ಕೇಳ್ಲೇ ಇಲ್ಲ. ಪೇಪರನ್ನ ನಂಬಿದ್ಲು. ಆಮೇಲೆ ನಾನೂ ಹಟ ಹಿಡಿದೆ.”

ವತ್ಸಲಾ ಬುದ್ಧಿ ಹೇಳಲು ಹೋಗಲಿಲ್ಲ. “ಕಾಗದದಲ್ಲಿ ತಪ್ಪಿದ್ರೆ ತಿದ್ದಿಕೊಡು. ಕಳಿಸೋದು ಬಿಡೋದು ನಿನ್ನ ಇಷ್ಟ,” ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರ ಅದೇ ಹಾಲ್‌ಗೆ ಅವನು ಬಂದ. ಇಪ್ಪತ್ತಮೂರರ ತೆಳ್ಳಗಿನ ಹುಡುಗ. ಬೇಸಿಗೆಯಲ್ಲೂ ದಪ್ಪ ಜಾಕೆಟ್, ತಂಡಿ ಅವನಿಗೆ ಆಗುವುದಿಲ್ಲವೆಂದು ವತ್ಸಲಾ ಅವರಿಗೆ ತಿಳಿದಿತ್ತು. ಚಹಾದ ಮೇಜಿನ ಬಳಿ ಮಕ್ಕಳು ಬಿಸ್ಕತ್ತು ಹಿಡಿದು ಅವನನ್ನೇ ನೋಡುತ್ತ ನಿಂತವು. ಅವನು ಯಾರ ಕಡೆಗೂ ನೋಡದೆ ತಾಯಿಯ ಮುಂದೆ ಕುರ್ಚಿ ಎಳೆದು ಕೂತು, ಕಾಗದ ಬಿಡಿಸಿ ಅವರ ಕೈಗೆ ಕೊಟ್ಟ. ಇಯರ್‌ಫೋನಿನ ಒಂದು ತುದಿಯನ್ನು ತಾಯಿಯ ಕಿವಿಗೆ ತಾನೇ ಇಟ್ಟ. ಬೇಡವೆನ್ನಲು ಕೈ ಎತ್ತಿದ ಅಬೆನಾ, ಮಗನ ಮುಖ ನೋಡಿ ಕೈ ಇಳಿಸಿದರು.

ವತ್ಸಲಾ ಮತ್ತು ಅಪೊಲಿನ್ ಎದುರಿನ ಬೆಂಚಿನಲ್ಲಿ ಕೂತಿದ್ದರು. ಅಬೆನಾರ ಬೆರಳು ಕಾಗದದ ಮೇಲೆ ಸಾಲಿಂದ ಸಾಲಿಗೆ ಇಳಿಯಿತು. ಏಳನೇ ಸಾಲಿಗೆ ಬಂದಾಗ ಬೆರಳು ನಿಂತಿತು. ಅವರು ಆ ಪದವನ್ನು ಗಟ್ಟಿಯಾಗಿ, ಒಂದಕ್ಷರವೂ ಜಾರದಂತೆ ಓದಿದರು. ಡಬ್ಬಿಯ ಮೇಲೆ ಅದನ್ನು ಹದಿನೆಂಟು ವರ್ಷ ಓದಿದವರು ಅವರು. ಆಮೇಲೆ ಕಾಗದವನ್ನು ಮಡಿಲಲ್ಲಿಟ್ಟು, ಮಗನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಹೊಡೆಯುತ್ತಾರೋ ಅಪ್ಪಿಕೊಳ್ಳುತ್ತಾರೋ ಎಂದು ಕ್ಷಣಕಾಲ ಯಾರಿಗೂ ತಿಳಿಯಲಿಲ್ಲ. ಅವನ ಹಣೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡು ಕೂತರು. ಅಪೊಲಿನ್ ಎದ್ದು ಸುಮ್ಮನೆ ಚಹಾದ ಕಡೆಗೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಅಬೆನಾ ಕಣ್ಣೊರೆಸಿಕೊಂಡು ಮತ್ತೆ ಹಾಡು ಹಾಕಿಸಿಕೊಂಡರು. ಈ ಸಲ ಪೂರ್ತಿ ಕೇಳಿದರು. ಕೇಳಿ, ಕಾಗದದತ್ತ ನೋಡಿ, ಹುಬ್ಬು ಗಂಟಿಕ್ಕಿದರು.

“ಇಲ್ಲಿ ತಪ್ಪಾಗಿದೆ,” ಎಂದು ವತ್ಸಲಾ ಅವರಿಗೆ ಹೇಳಿದರು.

ವತ್ಸಲಾ ಬೆಚ್ಚಿಬಿದ್ದು ಹತ್ತಿರ ಬಂದರು. ಹಾಡಿನ ಹೆಸರು ಬರುವ ಸಾಲು ಅದು. ‘ಬ್ಲಡ್ಸ್ ಆನ್ ಎ ಥರ್ಸ್‌ಡೇ, ಕ್ರೈಸಿಸ್ ಆನ್ ಎ ಫ್ರೈಡೇ’ ಎಂದು ಟೈಪು ಮಾಡಿದ್ದರು. ಸಿಕಲ್ ಸೆಲ್‌ನವರಿಗೆ ನೋವು ಕೆರಳಿ ಬರುವುದಕ್ಕೆ ಆಸ್ಪತ್ರೆಯಲ್ಲಿ ಕ್ರೈಸಿಸ್ ಎಂದೇ ಹೇಳುತ್ತಾರೆ. ಗುರುವಾರ ಪರೀಕ್ಷೆ, ಶುಕ್ರವಾರ ನೋವು. ಎಷ್ಟು ಸರಿಯಾಗಿ ಹೊಂದಿಕೊಂಡಿತ್ತೆಂದರೆ ಅವರು ಎರಡನೇ ಸಲ ಕೇಳಿಯೂ ಇರಲಿಲ್ಲ.

“ಕ್ರೈಸಿಸ್ ಅಲ್ಲ. ಕ್ರೈಸ್ಟ್ಸ್ ಈಸ್,” ಎಂದರು ಅಬೆನಾ. “ನನ್ನ ರಕ್ತ ಗುರುವಾರ, ಕ್ರಿಸ್ತನದು ಶುಕ್ರವಾರ. ಗುಡ್ ಫ್ರೈಡೇ. ಸೂಜಿ ನೋಡಿ ಅಳ್ತಿದ್ದಾಗ ನಾನೇ ಇವನಿಗೆ ಹೇಳ್ತಿದ್ದೆ, ನಾಳೆ ಆತನ ಸರದಿ, ಇವತ್ತು ನಿಂದು ಅಂತ.”

ಯಾವ್ ತಲೆ ಎತ್ತಿ ತಾಯಿಯನ್ನು ನೋಡಿದ. “ಮೆಸೇಜ್ ಮಾಡಿದ ಐವತ್ತು ಜನರಿಗೂ ಅದು ಗೊತ್ತಾಗಲಿಲ್ಲ,” ಎಂದ.

ವತ್ಸಲಾ ಇಯರ್‌ಫೋನ್ ಇಸಿದುಕೊಂಡು ಕೇಳಿದರು. ನಡುವೆ ಸಣ್ಣದೊಂದು ಟಕಾರ ಇತ್ತು. ಇದ್ದೇ ಇತ್ತು. ಜನ ತಮಗೆ ಗೊತ್ತಿದ್ದ ಬಂದೂಕನ್ನು ಕೇಳಿಸಿಕೊಂಡಿದ್ದರು. ತಾವು ತಮಗೆ ಗೊತ್ತಿದ್ದ ಆಸ್ಪತ್ರೆಯನ್ನು ಕೇಳಿಸಿಕೊಂಡಿದ್ದರು. ಕಲ್ಲಯ್ಯ ಮೇಷ್ಟ್ರಿದ್ದಿದ್ದರೆ ಬೆತ್ತ ಮೇಜಿನ ಮೇಲೆ ಬೀಳುತ್ತಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಬಹಳ ವರ್ಷಗಳಿಂದ ಆಗಿರದಂಥ ಖುಷಿಯಾಯಿತು. ಕೈಚೀಲದಿಂದ ಪೆನ್ನು ತೆಗೆದು ಯಾವ್‌ಗೆ ಕೊಟ್ಟರು. ಅವನು ಪದ ಹೊಡೆದುಹಾಕಿ ಸರಿಯಾದದ್ದನ್ನು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ.

“ಕಳಿಸಿ,” ಎಂದ. “ಆದ್ರೆ ಇನ್ನೊಂದು ವಾರ ನಂಬರ್ ಒನ್‌ನಲ್ಲಿ ಇರಲಿ ಆಂಟಿ. ಆಮೇಲೆ.”

“ಯಾಕೋ?”

“ಅಮ್ಮ ಬಸ್‌ಸ್ಟಾಪಿನಲ್ಲಿ ನಿಂತು, ಅದು ನನ್ನ ಮಗನ ಹಾಡು ಅಂತ ಹೇಳೋದನ್ನ ನಾನು ನೋಡ್ಬೇಕು. ಎಲ್ಲರಿಗೂ ಗೊತ್ತಾದ ಮೇಲೆ ಹೇಳೋದು ಸುಲಭ.”

ಅಬೆನಾ ಅವನ ಕಿವಿ ಹಿಂಡಿದರು. ಆದರೆ ಸೋಮವಾರ ಬೆಳಗ್ಗೆ ಅಪೊಲಿನ್ ಅಂಗಡಿಗೆ ಹೋಗುವಾಗ ಕಂಡದ್ದು ಇಷ್ಟು: ಅಬೆನಾ ಬಸ್‌ಸ್ಟಾಪಿನಲ್ಲಿ ನಿಂತು, ಗುರುತಿಲ್ಲದ ಇಬ್ಬರು ಹೆಂಗಸರಿಗೆ ಫೋನು ಹಿಡಿದು ಹಾಡು ಕೇಳಿಸುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ, ಕೇಳಿಸುತ್ತಿದ್ದರಷ್ಟೇ.

ಆ ಶುಕ್ರವಾರವೂ ಹಾಡು ಒಂದರಲ್ಲೇ ಇತ್ತು. ಅದರ ಮುಂದಿನ ಶುಕ್ರವಾರ ಎರಡಕ್ಕೆ ಇಳಿಯಿತು. ಅವತ್ತು ಎಲ್ರಾಯ್ ಸಹಿ ಹಾಕಿದ ಕಾಗದವನ್ನು ಮುಂದಿಟ್ಟುಕೊಂಡು ಎಲ್ಲ ಕಡೆ ಸಾಹಿತ್ಯ ಬದಲಿಸಿದ. ಹಾಡಿದವನದೇ ಸಹಿ ಇದ್ದುದರಿಂದ ಹಾಡಿನ ಕಂಪನಿಯವರು ಉಸಿರೆತ್ತಲಿಲ್ಲ. ಗದ್ದಲವೇನೋ ಆಯಿತು. ಕೆಲವರು ಕ್ಷಮೆ ಕೇಳಿ ಬರೆದರು. ಕೆಲವರು ಇದು ಆಮೇಲೆ ಕಟ್ಟಿದ ಕಥೆ ಎಂದರು, ಬಂದೂಕೇ ಇದ್ದದ್ದು ಎಂದು ಹಟ ಹಿಡಿದರು. ರೇಡಿಯೋದವರು ಬೀಪ್ ತೆಗೆದರು. ಕೌನ್ಸಿಲ್‌ನವರು ಮಾತ್ರ ಮತ್ತೆ ಕರೆಯಲಿಲ್ಲ; ಪಾರ್ಕಿನ ಕಾರ್ಯಕ್ರಮ ಅವನಿಲ್ಲದೆ ನಡೆದುಹೋಯಿತು. ಚಳಿಗಾಲದಲ್ಲಿ ಅವನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಅದನ್ನು ಮುಚ್ಚಿಡಲಿಲ್ಲ, ಹಾಸಿಗೆಯಿಂದಲೇ ಫೋಟೋ ಹಾಕಿದ. ತೋಳಿಗೆ ಲೈನ್ ಸಿಕ್ಕಿಸಿತ್ತು.

ಆ ಹೊತ್ತಿಗೆ ವತ್ಸಲಾ ಅವರ ಕಿವಿಯಲ್ಲಿ ಬೇರೊಂದು ಹಾಡು ಕೂತಿತ್ತು. ಬರ್ಮಿಂಗ್‌ಹ್ಯಾಮಿನ ಒಬ್ಬ ಹುಡುಗಿಯದು. ಎರಡೇ ವಾರದಲ್ಲಿ ಚಾರ್ಟಿನ ತುದಿಗೆ ಏರಿದ್ದಳು. ಅವಳ ಸ್ವರಗಳೆಲ್ಲ ಬಾಗಿಬಾಗಿ ಬರುತ್ತಿದ್ದವು. ನೋಟ್‌ಬುಕ್ಕಿನ ಒಂದು ಪುಟ ಪೂರ್ತಿ ಕನ್ನಡದಲ್ಲಿ ಬರೆದಾದರೂ ನಾಲ್ಕನೇ ಸಾಲಿನ ಒಂದು ಪದ ಹಿಡಿತಕ್ಕೆ ಸಿಕ್ಕಿರಲಿಲ್ಲ. ಅಶ್ವತ್ಥನಾರಾಯಣ ಊಟಕ್ಕೆ ಕರೆಯಲು ಮಹಡಿ ಹತ್ತಿ ಬಂದರು.

“ಸಿಕ್ತೇನೇ?”

“ಇಲ್ಲ ರೀ. ಬನ್ನಿ, ಈ ಕಿವಿಗೆ ಹಾಕ್ಕೊಳ್ಳಿ. ನಿಮಗೆ ಏನು ಕೇಳ್ಸುತ್ತೆ ಹೇಳಿ, ಯೋಚನೆ ಮಾಡ್ಬೇಡಿ.”

ಅವರು ಕನ್ನಡಕ ಮೇಲೇರಿಸಿಕೊಂಡು ಪಕ್ಕದಲ್ಲಿ ಕೂತರು.